ಆತಂಕದ ಕಾಯಿಲೆ: ಮಾತ್ರೆ ತೆಗೆದುಕೊಳ್ಳುವ ನಿರ್ಧಾರ

ಆತಂಕದ ಕಾಯಿಲೆಗೆ ಮಾತ್ರೆ ಬೇಕೇ ಬೇಡವೇ ಎಂಬ ಚರ್ಚೆ ಹೆಚ್ಚಾಗಿ ಒಂದೇ ಭಯಕ್ಕೆ ಬಂದು ನಿಲ್ಲುತ್ತದೆ: ಒಮ್ಮೆ ಶುರುವಾದರೆ ಬಿಡಲಾಗದು. ಭಯಕ್ಕೆ ಆಧಾರವಿದೆ, ಆದರೆ ಅದು ಎಲ್ಲ ಮಾತ್ರೆಗಳಿಗೂ ಸಲ್ಲದು. ಆಲ್‌ಪ್ರಜೋಲಮ್, ಕ್ಲೋನಜೆಪಮ್‌ನಂಥ ಬೆಂಜೊಡಯಜಪೀನ್‌ಗಳು ಸುಮಾರು ಒಂದು ಗಂಟೆಯೊಳಗೆ ಎದೆಬಡಿತ ತಗ್ಗಿಸಿ ನಿದ್ದೆ ತರುತ್ತವೆ. ವಾರಗಟ್ಟಲೆ ನುಂಗಿದರೆ ದೇಹ ಅವಕ್ಕೆ ಒಗ್ಗಿಹೋಗುತ್ತದೆ. ಅರ್ಧ ಮಾತ್ರೆ ಸಾಕಾಗುತ್ತಿದ್ದವರಿಗೆ ಒಂದು ಬೇಕಾಗುತ್ತದೆ, ತಪ್ಪಿಸಿದ ರಾತ್ರಿ ಮೊದಲಿಗಿಂತ ಹೆಚ್ಚು ತಳಮಳ. ಭಾರತದಲ್ಲಿ 2014ರಿಂದ ಜಾರಿಯಲ್ಲಿರುವ, ಔಷಧ ಮಾರಾಟವನ್ನು ಬಿಗಿಗೊಳಿಸುವ ಎಚ್1 ಪಟ್ಟಿಯಲ್ಲಿ ಆಲ್‌ಪ್ರಜೋಲಮ್ ಇದೆ. ಮಾರಿದ್ದನ್ನು ಔಷಧದಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಎಸ್ಸಿಟಾಲೊಪ್ರಾಮ್, ಸರ್ಟ್ರಲೀನ್‌ನಂಥ ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಮಾತ್ರೆಗಳ ದಾರಿಯೇ ಬೇರೆ. ಇವು ತಕ್ಷಣದ ನೆಮ್ಮದಿ ಕೊಡುವುದಿಲ್ಲ, ಹಾಗಾಗಿ ಇನ್ನೊಂದು ನುಂಗಬೇಕೆಂಬ ಹಪಹಪಿಯನ್ನೂ ಹುಟ್ಟಿಸುವುದಿಲ್ಲ. ವಿಷಾದವೆಂದರೆ, ಚಟದ ಹೆದರಿಕೆಯಿಂದ ಇವನ್ನು ದೂರವಿಡುವವರೇ ನಿದ್ದೆಯ ಹೆಸರಿನಲ್ಲಿ ಮೊದಲ ಬಗೆಯದನ್ನು ವರ್ಷಗಟ್ಟಲೆ ನುಂಗುತ್ತಿರುವುದುಂಟು.

ಈ ವ್ಯತ್ಯಾಸ ತಿಳಿದಮೇಲೆ ನಿರ್ಧಾರ ಧೈರ್ಯ ಅಧೈರ್ಯಗಳ ವಿಷಯವಾಗಿ ಉಳಿಯುವುದಿಲ್ಲ. ಕಾಯಿಲೆ ಬದುಕನ್ನು ಎಷ್ಟು ಕಿರಿದಾಗಿಸಿದೆ ಎಂಬುದು ಮುಖ್ಯವಾಗುತ್ತದೆ. ಬಸ್ ಹತ್ತಲಾಗದೆ ಕೆಲಸ ಬಿಟ್ಟವರ ಸ್ಥಿತಿಯೂ ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ಕಲಸುವವರ ಸ್ಥಿತಿಯೂ ಒಂದಲ್ಲ. ಥೈರಾಯ್ಡ್ ಅತಿಯಾಗಿ ಕೆಲಸಮಾಡಿದಾಗಲೂ ಆತಂಕದಲ್ಲಿ ಆಗುವಂಥದೇ ನಡುಕ, ಎದೆಬಡಿತ. ಅದನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ಮಾತ್ರೆ ಬೇರಿಗೆ ಮುಟ್ಟದು, ಮಾತಿನ ಚಿಕಿತ್ಸೆಯೇ ಸರಿ ಎನ್ನುವವರ ವಾದದಲ್ಲಿ ಹುರುಳಿದೆ: ಯೋಚನೆ, ನಡವಳಿಕೆಗಳನ್ನು ತಿದ್ದುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಆತಂಕದ ಕಾಯಿಲೆಯಲ್ಲಿ ಔಷಧಕ್ಕೆ ಸರಿಸಮ ಫಲ ಕೊಡುತ್ತದೆ. ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆಯ 2011ರ ಮಾರ್ಗಸೂಚಿಯೂ ಎರಡರಲ್ಲಿ ಯಾವುದೆಂಬ ಆಯ್ಕೆಯನ್ನು ರೋಗಿಯ ಇಷ್ಟಕ್ಕೆ ಬಿಡುತ್ತದೆ. ಆದರೆ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಬೆಂಗಳೂರಿನಲ್ಲಿ ಸಿಕ್ಕಷ್ಟು ಸುಲಭವಾಗಿ ತಾಲ್ಲೂಕು ಊರುಗಳಲ್ಲಿ ಸಿಗುವುದಿಲ್ಲ. ಕೈಗೆಟುಕದ ಚಿಕಿತ್ಸೆಯನ್ನು ತೋರಿಸಿ, ಎಟುಕುವುದನ್ನು ಬೇಡವೆನ್ನುವುದು ರೋಗಿಗೆ ಮಾಡುವ ಅನ್ಯಾಯ. ಭಯ ತುಸು ತಗ್ಗಿದಮೇಲೆಯೇ ಸಿಬಿಟಿಯ ಅಭ್ಯಾಸಗಳನ್ನು ಮಾಡಲು ಸಾಧ್ಯವಾಗುವವರೂ ಇದ್ದಾರೆ.

ಅಡ್ಡಪರಿಣಾಮಗಳ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಎಸ್‌ಎಸ್‌ಆರ್‌ಐ ಆರಂಭಿಸಿದ ಮೊದಲ ಒಂದೆರಡು ವಾರ ವಾಕರಿಕೆ, ನಿದ್ದೆಗೆಡುವುದು, ಕೆಲವೊಮ್ಮೆ ಆತಂಕವೇ ಹೆಚ್ಚಿದಂತಾಗುವುದು ಉಂಟು; ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಇದನ್ನು ಮೊದಲೇ ಹೇಳದಿದ್ದರೆ ನಾಲ್ಕನೆಯ ದಿನಕ್ಕೇ ಮಾತ್ರೆ ಕಸದಬುಟ್ಟಿ ಸೇರುತ್ತದೆ. ಲೈಂಗಿಕ ಆಸಕ್ತಿ ಕುಂದುವುದನ್ನು ರೋಗಿಗಳು ಸಂಕೋಚದಿಂದ ಹೇಳುವುದಿಲ್ಲ, ವೈದ್ಯರೇ ಕೇಳಬೇಕು. 25ರೊಳಗಿನವರಲ್ಲಿ ಆತ್ಮಹತ್ಯೆಯ ಯೋಚನೆ ಮೂಡುತ್ತಿದೆಯೇ ಎಂದು ಆರಂಭದಲ್ಲಿ ವಿಶೇಷವಾಗಿ ಗಮನಿಸಬೇಕು. ಅಂಥ ಸೂಚನೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೂ ಕರೆ ಮಾಡಬಹುದು. ಗುಣವಾದಮೇಲೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ಪ್ರಮಾಣವನ್ನು ವಾರಗಟ್ಟಲೆ ಇಳಿಸುತ್ತ ಬರುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಜುಮ್ಮೆನ್ನುವಿಕೆ, ಕಿರಿಕಿರಿ ಕಾಣಿಸಿಕೊಳ್ಳಬಹುದು. ಇದನ್ನು ಚಟದ ಲಕ್ಷಣವೆಂದೋ ಕಾಯಿಲೆ ಮರಳಿತೆಂದೋ ತಪ್ಪಾಗಿ ತಿಳಿಯುವವರು ಬಹಳ. ಆದ್ದರಿಂದ ಮಾತ್ರೆ ಶುರುಮಾಡುವ ದಿನವೇ ಅದನ್ನು ಬಿಡುವ ಕ್ರಮವನ್ನೂ ವೈದ್ಯರಿಂದ ಕೇಳಿ ತಿಳಿದುಕೊಳ್ಳಬೇಕು.