ಕರಗೋದಕ್ಕೇ ಇರುವ ತಂತಿ: ಫ್ಯೂಸ್‌ನ ಕಥೆ

ಐನಾಪುರ, ಕಾಗವಾಡ, ರಾಯಬಾಗ ಕಡೆಯಿಂದ ಕೇಳ್ತಿರೋರು ಮನೆಯ ಹಳೇ ಮೇನ್ ಬೋರ್ಡ್ ನೆನಪಿಸಿಕೊಳ್ರಿ. ಅದರಲ್ಲಿ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಇರ್ತದಲ್ಲ, ಒಳಗಿರೋದು ಅಂಗಡಿಯ ಫ್ಯೂಸ್ ವಯರೋ, ಹಳೇ ಕೇಬಲ್ ಸುಲಿದು ಕಟ್ಟಿದ ತಾಮ್ರದ ಎಳೆಯೋ? "ಪದೇ ಪದೇ ಹೋಗ್ತದ, ದಪ್ಪಂದು ಹಾಕಿಬಿಡು" ಅನ್ನೋ ಮಾತನ್ನ ಕಬ್ಬಿನ ಹೊಲದ ಪಂಪ್‌ಸೆಟ್ ಪೆಟ್ಟಿಗೆ ಮುಂದೆ ಕೇಳದವರು ಕಡಿಮೆ.

ಈ ಸಣ್ಣ ತಂತಿಯ ಕಥೆ ಟೆಲಿಗ್ರಾಫ್ ಕಾಲದ್ದು. ಸಿಡಿಲು ತಂತಿಯೊಳಗೆ ಹರಿದು ಬಂದು ಕಚೇರಿಯ ಯಂತ್ರಗಳನ್ನು ಸುಡುತ್ತಿತ್ತು. 1847ರಲ್ಲಿ ಫ್ರಾನ್ಸಿನ ಲೂಯಿ ಬ್ರೆಗೆ ಒಂದು ಉಪಾಯ ಹೇಳಿದ: ದಾರಿಯಲ್ಲಿ ಸ್ವಲ್ಪ ತೆಳು ತಂತಿ ಸೇರಿಸಿ, ಅದು ಕರಗಲಿ, ಯಂತ್ರ ಉಳಿಯಲಿ. 1880ರಲ್ಲಿ ಎಡಿಸನ್ ವಿದ್ಯುತ್ ದೀಪಗಳಿಗೆ ಇದೇ ಉಪಾಯದ ಪೇಟೆಂಟ್ ಪಡೆದ. ನಮ್ಮಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಯ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಸೀಮೆಯಲ್ಲಿತ್ತು. ಇಲ್ಲಿನ ಹಳ್ಳಿಗಳಿಗೆ ಕರೆಂಟ್ ತಲುಪಿದಾಗ ಕಿಟ್‌ಕ್ಯಾಟೂ ಜೊತೆಗೆ ಬಂತು.

ಈಗ ಕಥೆ ತಿರುಗಿದೆ. ಲೋಡ್ ಶೆಡ್ಡಿಂಗ್‌ಗೆ ಬೇಸತ್ತ ಹುಡುಗರು ಆನ್‌ಲೈನಿನಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ತರಿಸಿ ತಾವೇ ಬ್ಯಾಟರಿ ಕಟ್ತಿದ್ದಾರೆ. 1990ರ ದಶಕದಲ್ಲಿ ಜಾನ್ ಗುಡ್‌ಇನಫ್ ತಂಡ ರೂಪಿಸಿದ ರಸಾಯನ ಇದು. ಆತನಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ನೊಬೆಲ್ ಬಂತು. ಲಿಥಿಯಂಗಳಲ್ಲೇ ಸಮಾಧಾನದ ಜಾತಿ, ಸುಲಭಕ್ಕೆ ಹೊತ್ತಿಕೊಳ್ಳೋದಿಲ್ಲ. ಆದರೆ ಶಾರ್ಟ್ ಆದಾಗ ಸೆಲ್‌ಗಿಂತ ಮೊದಲು ಹೊತ್ತೋದು ವಯರು.

"ಹನ್ನೆರಡೇ ವೋಲ್ಟ್, ಏನಾಗ್ತದ?" ಅಂತೀರಿ. ಶಾಕ್ ಹೊಡೆಯಲ್ಲ, ನಿಜ. ಲೆಕ್ಕ ಮಾಡಿ ನೋಡ್ರಿ: 1000 ವ್ಯಾಟ್ ಲೋಡ್‌ಗೆ 230 ವೋಲ್ಟ್ ಕಡೆ ನಾಲ್ಕೂವರೆ ಆಂಪಿಯರ್ ಸಾಕು. ಅದೇ ಲೋಡ್‌ಗೆ ಬ್ಯಾಟರಿ ಕಡೆ 83, ಇನ್ವರ್ಟರ್ ನಷ್ಟ ಸೇರಿದರೆ ನೂರರ ಹತ್ತಿರ. ಗೋಡೆಯ ತೆಳು ವಯರು ಇಲ್ಲಿ ಒಲೆಯ ಕಾಯಿಲ್ ಆಗಿಬಿಡ್ತದೆ. ಇನ್ನು ಸ್ಪ್ಯಾನರ್ ಜಾರಿ ಎರಡೂ ಟರ್ಮಿನಲ್‌ಗೆ ತಾಗಿದರೆ ಸಾವಿರಾರು ಆಂಪಿಯರ್ ಹರೀತದೆ.

ಇಲ್ಲೇ ಮನೆಯ ಫ್ಯೂಸ್ ಸೋಲೋದು. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರ್ತದೆ, ತಂತಿ ಕರಗಿದಾಗ ಎದ್ದ ಕಿಡಿ ಆ ಕ್ಷಣದಲ್ಲಿ ಆರಿಹೋಗ್ತದೆ. ಬ್ಯಾಟರಿಯ ಡಿಸಿಗೆ ಸೊನ್ನೆಯೇ ಇಲ್ಲ. ತಂತಿ ಕರಗಿದ್ರೂ ಕಿಡಿ ಸೇತುವೆ ಕಟ್ಟಿಕೊಂಡು ಉರಿಯುತ್ತಲೇ ಇರಬಹುದು. ಹಾಗಾಗಿ ಫ್ಯೂಸ್ ಮೇಲೆ ಡಿಸಿ ವೋಲ್ಟ್ ಬರೆದಿರಬೇಕು, ಎಷ್ಟು ದೊಡ್ಡ ಶಾರ್ಟ್ ಕಡಿಯಬಲ್ಲದು ಅನ್ನೋದೂ ಗೊತ್ತಿರಬೇಕು. ಕಾರಿನ ಬ್ಲೇಡ್ ಫ್ಯೂಸ್ ಸಾಮಾನ್ಯವಾಗಿ 1000 ಆಂಪಿಯರ್ ತನಕ ತಡೀತದೆ, ಕ್ಲಾಸ್ ಟಿ ಅನ್ನೋದು 20,000. ದುಬಾರಿ ನಿಜ, ಆದರೆ ಅಷ್ಟು ದುಡ್ಡಿನ ಸೆಲ್ ತಂದು ಇದರಲ್ಲಿ ಉಳಿಸೋದು ನನಗಂತೂ ಅರ್ಥವಾಗದ ಲೆಕ್ಕ.

ಜಾಗವೂ ಮುಖ್ಯ. ಫ್ಯೂಸ್ ಇನ್ವರ್ಟರ್ ಹತ್ತಿರ ಬೇಡ, ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಇರಲಿ. ಅದು ಕಾಯೋದು ಇನ್ವರ್ಟರನ್ನಲ್ಲ, ವಯರನ್ನು. ನಮ್ಮ 1000 ವ್ಯಾಟ್ ಲೆಕ್ಕಕ್ಕೆ 125 ಆಂಪಿಯರ್ ಫ್ಯೂಸ್, ಅದಕ್ಕಿಂತ ಹೆಚ್ಚು ತಡೆಯುವ ವಯರು.

ಮನೆಯ ಲೈನಿನಲ್ಲಿ ತೊಂದರೆ ಆದ್ರೆ ಲೈನ್‌ಮನ್ ಟಿಸಿ ಹತ್ತಿರ ಹೋಗಿ ಕರೆಂಟ್ ತೆಗೀತಾನೆ. ಮಂಚದ ಕೆಳಗಿನ ಬ್ಯಾಟರಿಗೆ ಟಿಸಿ ಇಲ್ಲ, ಲೈನ್‌ಮನ್ನೂ ಇಲ್ಲ. ಅಲ್ಲಿ ಫ್ಯೂಸ್ ಹೋದ್ರೆ ಯಾಕೆ ಹೋಯ್ತು ಅಂತ ಮೊದಲು ಹುಡುಕ್ರಿ, ಆಮೇಲೆ ಅದೇ ಆಂಪಿಯರಿಂದು ಹಾಕ್ರಿ.