ಕರಿಯ ಮೆರುಗಿನ ಕಥೆ

ನಿಮ್ಮ ಮನೆಯ ಹಿತ್ತಿಲ ಜಗುಲಿಯಲ್ಲೋ ಮೆಟ್ಟಿಲ ಕೆಳಗಿನ ಮಬ್ಬಿನಲ್ಲೋ ಹಳೆಯ ಸೈಕಲ್ಲೊಂದು ಒರಗಿ ನಿಂತಿದ್ದರೆ, ಈ ಹೊತ್ತು ಒಂದು ಗಳಿಗೆ ಅದರ ಬಳಿಗೆ ಹೋಗಿ ನೋಡಿ. ಬಹುಮಟ್ಟಿಗೆ ಅದರ ಬಣ್ಣ ಕಪ್ಪು. ಕೊಳವೆಗಳ ಮೇಲೆ ಕೂದಲೆಳೆಯಷ್ಟು ತೆಳುವಾದ ಹೊನ್ನಿನ ಗೆರೆಯ ಕುರುಹೂ ಉಳಿದಿದ್ದೀತು. ಹಿಂದಿನ ಕಾಲದ ಸೈಕಲ್ಲುಗಳಲ್ಲಿ ಕಪ್ಪೇ ಏಕೆ ಅಷ್ಟು ಹೆಚ್ಚಾಗಿತ್ತು? ಕೊಳೆ ಕಾಣದಿರಲೆಂದೇ? ಅದೂ ಒಂದು ಅನುಕೂಲವೇ. ಆದರೆ ಆ ಕಪ್ಪಿನ ಹಿಂದೆ ಮುನ್ನೂರು ವರ್ಷಗಳ ಒಂದು ಕಸುಬಿನ ಚರಿತ್ರೆಯಿದೆ.

ಈ ಚರಿತ್ರೆಯನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿದ ಮೇಲೆ. ನನ್ನ ತಂದೆಯವರು ಬಳಸುತ್ತಿದ್ದ ಸೈಕಲ್ಲು ನಮ್ಮ ಮನೆಯಲ್ಲಿದೆ. ಕೆಲವು ವರ್ಷಗಳ ಹಿಂದೆ ಅದಕ್ಕೆ ಹೊಸ ಬಣ್ಣ ಹಾಕಿಸುವ ಉತ್ಸಾಹದಿಂದ ಒಂದು ಅಂಗಡಿಗೆ ಕೊಟ್ಟೆ. ಹಬ್ಬಕ್ಕೆ ಮೊದಲೇ ಬೇಕೆಂದು ಅವಸರಪಡಿಸಿದವನೂ ನಾನೇ. ಎರಡೇ ದಿನಕ್ಕೆ ಅದು ಮಿರಮಿರನೆ ಮಿಂಚುತ್ತ ಬಂತು. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಬೊಬ್ಬೆಯೆದ್ದು ಈರುಳ್ಳಿಯ ಸಿಪ್ಪೆಯಂತೆ ಸುಲಿಯತೊಡಗಿತು. ಅಡಿಯಲ್ಲಿ ಹಳೆಯ ತುಕ್ಕು ಹಾಗೆಯೇ ಇತ್ತು; ಹಳೆಯ ಹೊನ್ನಿನ ಗೆರೆಗಳು ಮಾತ್ರ ಹೊರಟುಹೋಗಿದ್ದವು.

ಕಥೆ ಒಂದು ಪದದಿಂದ ಮೊದಲಾಗುತ್ತದೆ. ನಮ್ಮ ಅರಗಿಗೆ ಸಂಸ್ಕೃತದಲ್ಲಿ ಲಾಕ್ಷಾ ಎಂದು ಹೆಸರು. ಪಾಂಡವರಿಗಾಗಿ ಕಟ್ಟಿದ ಲಾಕ್ಷಾಗೃಹವನ್ನು ಅರಿಯದವರಾರು? ಚನ್ನಪಟ್ಟಣದ ಬೊಂಬೆಗಳ ಹೊಳಪೂ ಇದೇ ಅರಗಿನದು. ಈ ಪದವೇ ಅರಬರ, ಪೋರ್ಚುಗೀಸರ ನಾಲಿಗೆಗಳನ್ನು ಹಾದು ಇಂಗ್ಲಿಷಿನಲ್ಲಿ ‘ಲ್ಯಾಕರ್’ ಆಯಿತು. ಹೆಸರು ನಮ್ಮದಾದರೂ 17ನೆಯ ಶತಮಾನದ ಯೂರೋಪನ್ನು ಮರುಳುಗೊಳಿಸಿದ ವಸ್ತು ಬೇರೆ. ನಮ್ಮ ಅರಗು ಕೀಟದಿಂದ ದೊರೆಯುವುದು. ಚೀನಾ ಜಪಾನುಗಳ ಪೆಟ್ಟಿಗೆಗಳ ಮೆರುಗು ಒಂದು ಮರದ ಹಾಲಿನಿಂದ ಆದದ್ದು. ಆ ಮರ ಯೂರೋಪಿನಲ್ಲಿರಲಿಲ್ಲ. ಆದ್ದರಿಂದ ಅಲ್ಲಿಯವರು ತಮಗೆ ಸಿಕ್ಕಿದ ದ್ರವ್ಯಗಳಿಂದಲೇ ಅದನ್ನು ಅನುಕರಿಸಲು ಹೊರಟರು. ಸ್ಟಾಕರ್ ಮತ್ತು ಪಾರ್ಕರ್ ಎಂಬಿಬ್ಬರು 1688ರಲ್ಲಿ ಈ ವಿದ್ಯೆಯನ್ನು ಕುರಿತು ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು. ಈ ಅನುಕರಣೆಗೆ ‘ಜಪಾನ್ ಹಾಕುವುದು’ ಎಂದೇ ಹೆಸರು ನಿಂತಿತು.

ಮರದ ಸಾಮಾನಿನಿಂದ ಲೋಹಕ್ಕೆ ಈ ಲೇಪ ದಾಟಿದ್ದೇ ದೊಡ್ಡ ತಿರುವು. ವೇಲ್ಸ್ ಸೀಮೆಯ ಪಾಂಟಿಪೂಲಿನಲ್ಲಿ ಆಲ್‌ಗುಡ್ ಮನೆತನದವರು 18ನೆಯ ಶತಮಾನದಲ್ಲಿ ತವರದ ಲೇಪವಿದ್ದ ಕಬ್ಬಿಣದ ತಗಡಿಗೆ ಮೆರುಗೆಣ್ಣೆ ಬಳಿದು, ಒಲೆಯ ಕಾವಿನಲ್ಲಿಟ್ಟು ಗಟ್ಟಿ ಮಾಡುತ್ತಿದ್ದರು. ಮುಂದೆ ಇಂಗ್ಲೆಂಡಿನ ಬಿಲ್‌ಸ್ಟನ್, ವುಲ್ವರ್‌ಹ್ಯಾಂಪ್ಟನ್ ಊರುಗಳು ಇದರ ನೆಲೆಗಳಾದವು. ಅಗಸೆಯೆಣ್ಣೆಗೆ ಟಾರಿನಂಥ ಆಸ್ಫಾಲ್ಟನ್ನು ಕೂಡಿಸಿ ಕಾಸಿದ ಕರಿಯ ಲೇಪವನ್ನು ಸುಮಾರು 200 ಡಿಗ್ರಿ ಸೆಂಟಿಗ್ರೇಡಿನವರೆಗೂ ಬೇಯಿಸಬಹುದಾಗಿತ್ತು. ಬೇಯಿಸಿದಷ್ಟೂ ಅದು ಬಿರುಸಾಗಿ ಲೋಹವನ್ನು ಕಚ್ಚಿಕೊಳ್ಳುತ್ತಿತ್ತು. ತಿಳಿಬಣ್ಣಗಳಾದರೋ ಅಂಥ ಕಾವಿಗೆ ಕಂದಿಹೋಗುತ್ತಿದ್ದವು. ಕಪ್ಪಿನ ಗುಟ್ಟು ಇದು, ಬೆಂಕಿಯನ್ನು ತಾಳಿದ ಬಣ್ಣ ಅದು.

ತಟ್ಟೆಯಿಂದ ಸೈಕಲ್ಲಿಗೆ ಈ ಕಸುಬು ಬಂದ ಬಗೆಯನ್ನು ಒಬ್ಬ ಮನುಷ್ಯನ ಬಾಳಿನಲ್ಲೇ ಕಾಣಬಹುದು. ಜಾನ್ ಮಾರ್ಸ್ಟನ್ ಎಂಬ ಹುಡುಗ 1851ರಲ್ಲಿ ವುಲ್ವರ್‌ಹ್ಯಾಂಪ್ಟನ್ನಿನ ಎಡ್ವರ್ಡ್ ಪೆರಿಯ ಜೆಡ್ಡೊ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದ. ಜಪಾನಿನ ಎಡೋ ನಗರವನ್ನು ಅಂದಿನ ಇಂಗ್ಲಿಷರು ಜೆಡ್ಡೊ ಎಂದೂ ಬರೆಯುತ್ತಿದ್ದರು. 1859ರಲ್ಲಿ ಮಾರ್ಸ್ಟನ್ ಬಿಲ್‌ಸ್ಟನ್ನಿನಲ್ಲಿ ಸ್ವಂತ ಉದ್ಯಮ ಕೊಂಡ. ಪೆರಿ ತೀರಿಕೊಂಡ ಮೇಲೆ 1871ರಲ್ಲಿ ಗುರುವಿನ ಕಾರ್ಖಾನೆಯನ್ನೂ ಕೊಂಡ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ಲು ಬಂದು, ಎರಡು ಸಮನಾದ ಗಾಲಿಗಳ ಇಂದಿನ ರೂಪ ನೆಲೆಗೊಳ್ಳುತ್ತಿದ್ದ ಕಾಲವದು. 1887ರಲ್ಲಿ ಮಾರ್ಸ್ಟನ್ ತಾನೂ ಸೈಕಲ್ಲು ಮಾಡಹೊರಟ. ತಟ್ಟೆ ಪೆಟ್ಟಿಗೆಗಳಿಗೆ ಹಾಕುತ್ತಿದ್ದ ಕರಿಯ ಮೆರುಗೂ ಹೊನ್ನಗೆರೆಯೂ ಸೈಕಲ್ಲಿನ ಮೈಗೇರಿದವು. ಆ ಮೆರುಗಿನಲ್ಲಿ ಬಿಸಿಲು ಪ್ರತಿಫಲಿಸಿದ್ದನ್ನು ಕಂಡು ಅವನ ಹೆಂಡತಿ ಎಲೆನ್ ‘ಸನ್‌ಬೀಮ್’, ಎಂದರೆ ಸೂರ್ಯಕಿರಣ, ಎಂದು ಹೆಸರಿಟ್ಟಳೆಂದು ಹೇಳುವುದುಂಟು.

ಆದರೂ ಒಂದು ಕೊರತೆ ಉಳಿದಿತ್ತು. ಮೆರುಗು ಎಲ್ಲಿ ಗೀರಿತೋ ಅಲ್ಲಿಂದ ತುಕ್ಕು ಒಳಗೊಳಗೇ ಹರಡುವುದು. ಇದಕ್ಕೆ ಮದ್ದು ಕಂಡವನು ಥಾಮಸ್ ವಾಟ್ಸ್ ಕಾಸ್ಲೆಟ್. ಕಬ್ಬಿಣವನ್ನು ಫಾಸ್ಫಾರಿಕ್ ಆಮ್ಲದ ಬಿಸಿ ದ್ರಾವಣದಲ್ಲಿ ಅದ್ದಿ, ಅದರ ಮೈಮೇಲೆ ಫಾಸ್ಫೇಟಿನ ತೆಳುಪೊರೆ ಕೂರಿಸುವ ವಿಧಾನಕ್ಕೆ ಆತ 1906ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟು ಪಡೆದ. ಈ ಪೊರೆ ತುಕ್ಕನ್ನು ತಡೆಯುವುದಲ್ಲದೆ ಬಣ್ಣಕ್ಕೆ ಹಿಡಿತವನ್ನೂ ಕೊಡುತ್ತದೆ.

ನಮ್ಮ ದೇಶದ ಮಾತಿಗೆ ಬರೋಣ. ಬಹುಕಾಲ ಇಲ್ಲಿಗೆ ಸೈಕಲ್ಲುಗಳು ಇಂಗ್ಲೆಂಡಿನಿಂದಲೇ ಬರುತ್ತಿದ್ದವು. ಮುಂಬಯಿಯಲ್ಲಿ ಹಿಂದ್ ಸೈಕಲ್ಸ್ 1939ರಲ್ಲಿಯೂ, ಮದರಾಸಿನಲ್ಲಿ ಟಿ.ಐ. ಸೈಕಲ್ಸ್ 1949ರಲ್ಲಿಯೂ ಹುಟ್ಟಿದವು. ಯಂತ್ರದ ಜೊತೆಗೆ ಆ ಕಪ್ಪು ಬಣ್ಣವೂ ಹೊನ್ನಗೆರೆಯೂ ನಮ್ಮ ಬೀದಿಗಳಿಗೆ ಬಂದವು. ಪುರಸಭೆಗಳು ತೆರಿಗೆ ಪಡೆದು ಸೈಕಲ್ಲಿಗೆ ಬಿಲ್ಲೆ ಕೊಡುತ್ತಿದ್ದ ದಿನಗಳನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ.

ಇಂಥ ಸೈಕಲ್ಲಿಗೆ ಮರಳಿ ಬಣ್ಣ ಹಾಕುವ ಮನಸ್ಸು ನಿಮಗಿದ್ದರೆ, ಮೇಲಿನ ಚರಿತ್ರೆಯೇ ದಾರಿ ತೋರಿಸುತ್ತದೆ. ಮೊದಲು ನೋಡಿ, ಆಮೇಲೆ ಉಜ್ಜಿ. ಸೀಟಿನ ಕೆಳಗೋ ಪೆಡಲಿನ ಅಚ್ಚು ಹಾಯುವ ಕೊಳವೆಯ ತಳದಲ್ಲೋ ಒತ್ತಿದ ಸಂಖ್ಯೆಯಿದ್ದರೆ ಬರೆದಿಡಿ. ಗೆರೆಗಳ ಅಗಲವನ್ನು ಅಳೆದು, ಅವುಗಳ ಚಿತ್ರ ತೆಗೆದಿಡಿ. ಬಿಡಿಭಾಗಗಳನ್ನೆಲ್ಲ ಕಳಚಿ, ಕೊಳವೆಗಳು ಕೂಡುವ ಗಂಟುಗಳಲ್ಲಿ ಬಿರುಕಿದೆಯೇ ಪರೀಕ್ಷಿಸಿ. ಬಿರುಕನ್ನು ಬಣ್ಣದಿಂದ ಮುಚ್ಚುವುದು ಸವಾರನಿಗೆ ಬಗೆದ ದ್ರೋಹ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಆದ್ದರಿಂದ ಒಣಗಿದ್ದಾಗ ಉಜ್ಜದೆ, ನೀರು ತೋಯಿಸಿದ ಉಪ್ಪುಕಾಗದದಿಂದ ಉಜ್ಜಿ. ಮೂಗು ಬಾಯಿಗಳಿಗೆ ಮುಸುಕಿರಲಿ. ಮಕ್ಕಳು ಹತ್ತಿರ ಸುಳಿಯದಿರಲಿ. ಉಳಿದ ತುಕ್ಕಿಗೆ ಇಂದು ಅಂಗಡಿಯಲ್ಲಿ ಸಿಗುವ ಫಾಸ್ಫಾರಿಕ್ ಆಮ್ಲದ ದ್ರಾವಣವಿದೆ. ಅದು ಕಾಸ್ಲೆಟ್ಟನ ವಿಧಾನದ ನೆಂಟನೇ. ಕೈಗವಸು ಮರೆಯಬೇಡಿ. ಎಣ್ಣೆಯ ಪಸೆಯನ್ನೂ ತೇವವನ್ನೂ ಪೂರ್ತಿ ಕಳೆದು, ಗುಂಡುಗಳು ಕೂರುವ ಜಾಗಕ್ಕೂ ಮರೆಗಳಿಗೂ ಬಟ್ಟೆ ತುರುಕಿ, ತುಕ್ಕು ತಡೆಯುವ ಅಡಿಬಣ್ಣ ಹಚ್ಚಿ. ತಗ್ಗುಗಳಿಗೆ ಪುಟ್ಟಿ ತುಂಬಿ ಮತ್ತೆ ಉಜ್ಜಿ. ಅನಂತರವೇ ಕರಿಯ ಎನಾಮಲ್ಲು. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಮೂರು ಲೇಸು. ಒಂದೊಂದೂ ಪೂರ್ತಿ ಒಣಗಬೇಕು.

ನಾನು ಕಳೆದ ಬೇಸಗೆಯ ರಜೆಯಲ್ಲಿ ತಂದೆಯವರ ಸೈಕಲ್ಲನ್ನು ಹೀಗೆಯೇ ಮತ್ತೊಮ್ಮೆ ಬಿಚ್ಚಿದೆ. ಬಣ್ಣ ಬಳಿದದ್ದು ಮೂರು ದಿನ. ಅದಕ್ಕೆ ಮೊದಲು ಉಜ್ಜಿದ್ದು ಮೂರು ವಾರ. ಉಜ್ಜುತ್ತಿರುವಾಗ ಸೀಟಿನ ಪಟ್ಟಿಯ ಅಡಿಯಲ್ಲಿ, ಅಂಗಡಿಯವರ ಕೈ ತಲುಪದ ಕಡೆ, ಎರಡು ಅಂಗುಲದಷ್ಟು ಹಳೆಯ ಕಪ್ಪು ಕಾಣಿಸಿತು. ಅದರ ಮೇಲೊಂದು ಹೊನ್ನಗೆರೆಯ ತುಣುಕಿತ್ತು. ಒಲೆಯಲ್ಲಿ ಬೆಂದ ಆ ಮೆರುಗು ಇನ್ನೂ ಹೊಳೆಯುತ್ತಿತ್ತು. ಮಿಕ್ಕ ಮೈಗೆಲ್ಲ ಹೊಸ ಬಣ್ಣವಾಯಿತು. ಆ ಎರಡು ಅಂಗುಲವನ್ನು ಮುಟ್ಟಲಿಲ್ಲ. ಹೋದ ಬಣ್ಣವನ್ನು ಮತ್ತೆ ಹಾಕಬಹುದು, ಹೋದ ಗುರುತನ್ನು ಹಾಕಲಾಗದು. ನಿಮ್ಮ ಸೈಕಲ್ಲಿನಲ್ಲೂ ಅಂಥದೊಂದು ಜಾಗ ಇದ್ದೀತು. ಉಪ್ಪುಕಾಗದ ಹಿಡಿಯುವ ಮುನ್ನ ಹುಡುಕಿ ನೋಡಿ.