ಬಿಸಿಲೂರಿನ ಬೇಸಿಗೆ: ಬಾವಡಿ ಮತ್ತು ಬೀಸುಕಲ್ಲು

ಬಿಜಾಪುರದ ಬಿಸಿಲನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕಾಣದವರಿಗೆ ವಿವರಿಸುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್, ಅದೂ ನಂಬುವಂತಿಲ್ಲ. ಮಧ್ಯಾಹ್ನವಾದರೆ ಬೀದಿಗಳು ಬರಿದಾಗುತ್ತವೆ, ಕಪ್ಪು ಕಲ್ಲಿನ ಗೋಡೆಗಳು ರಾತ್ರಿಯವರೆಗೂ ಬಿಸಿಯುಗುಳುತ್ತವೆ. ಇಂತಹ ಊರು ಸುಮಾರು ಇನ್ನೂರು ವರ್ಷಗಳ ಕಾಲ, 1490ರಿಂದ 1686ರವರೆಗೆ, ಒಂದು ದೊಡ್ಡ ರಾಜ್ಯದ ರಾಜಧಾನಿಯಾಗಿತ್ತು. ಸುಲ್ತಾನರು, ಸೂಫಿಗಳು, ಸೈನಿಕರು, ನೇಕಾರರು, ಕಲ್ಲುಕುಟಿಗರು ಎಲ್ಲರೂ ತಮ್ಮ ಮಕ್ಕಳುಮರಿಗಳೊಂದಿಗೆ ಇಲ್ಲಿ ಬೇಸಿಗೆ ಕಳೆದರು. ವಿದ್ಯುತ್ತಿಲ್ಲದ, ಫ್ಯಾನ್ ಇಲ್ಲದ, ಮಂಜುಗಡ್ಡೆ ಇಲ್ಲದ ಆ ಕಾಲದಲ್ಲಿ ಅವರು ಹೇಗೆ ಕಳೆದಿರಬಹುದು?

ಈ ಪ್ರಶ್ನೆಗೆ ಚರಿತ್ರೆ ಎರಡು ಉತ್ತರಗಳನ್ನು ಉಳಿಸಿದೆ. ಒಂದು ಕಲ್ಲಿನಲ್ಲಿದೆ, ಇನ್ನೊಂದು ಹಾಡಿನಲ್ಲಿದೆ. ಮೊದಲನೆಯದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಎರಡನೆಯದು ನಮ್ಮ ನಮ್ಮ ಅಜ್ಜಿಯರ ಬಾಯಲ್ಲಿತ್ತು, ಈಗ ಮರೆಯಾಗುತ್ತಿದೆ.

ಸುಲ್ತಾನರ ತಂಪು

1565ರ ಯುದ್ಧದಲ್ಲಿ ವಿಜಯನಗರ ಪತನವಾದ ಬಳಿಕ ಬಿಜಾಪುರದ ಜನಸಂಖ್ಯೆ ಬೆಳೆಯಿತು. ಊರಿಗೆ ನೀರು ಒದಗಿಸುವುದು ಅರಸರ ಮೊದಲ ಚಿಂತೆಯಾಯಿತು. ಒಂದನೇ ಅಲಿ ಆದಿಲ್ ಶಾಹ್ ತನ್ನ ಪತ್ನಿ ಚಾಂದ್ ಬೀಬಿಯ ಹೆಸರಿನಲ್ಲಿ 1579ರಲ್ಲಿ ಚಾಂದ್ ಬಾವಡಿಯನ್ನು ಕಟ್ಟಿಸಿದ. ಮುಂದೆ ಅಹ್ಮದ್‌ನಗರದ ಕೋಟೆಯನ್ನು ಮೊಗಲರ ವಿರುದ್ಧ ಕಾಪಾಡಿದ ವೀರವನಿತೆ ಇದೇ ಚಾಂದ್ ಬೀಬಿ. ಎರಡನೇ ಇಬ್ರಾಹೀಮನ ಕಾಲದಲ್ಲಿ, 1620ರಲ್ಲಿ, ಮಲಿಕ್ ಸಂದಲ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ತಾಜ್ ಬಾವಡಿಯನ್ನು ಕಟ್ಟಿದ. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ್ ಊರ ಹೊರಗೆ ಬೇಗಂ ತಲಾಬ್ ಕಟ್ಟಿಸಿ, ಮಣ್ಣಿನ ಕೊಳವೆಗಳ ಮೂಲಕ ಅದರ ನೀರನ್ನು ಊರೊಳಗೆ ತಂದ. ಕೊಳವೆಗಳಲ್ಲಿ ನೀರಿನ ಒತ್ತಡ ಹೆಚ್ಚದಂತೆ, ಕೆಸರು ತಳದಲ್ಲಿ ನಿಲ್ಲುವಂತೆ ಅಲ್ಲಲ್ಲಿ ಗಂಜ್ ಎಂಬ ಎತ್ತರದ ಗೋಪುರಗಳನ್ನು ನಿಲ್ಲಿಸಿದರು. ಆ ಗಂಜ್‌ಗಳಲ್ಲಿ ಕೆಲವು ಇಂದಿಗೂ ನಿಂತಿವೆ. ಅದೇನೆಂದು ತಿಳಿಯದೆ ಜನ ಅವುಗಳ ಪಕ್ಕದಲ್ಲೇ ಹಾದುಹೋಗುತ್ತಾರೆ.

ಮೂರೂ ಜಲಾಶಯಗಳಿಗೆ ಹೆಣ್ಣುಮಕ್ಕಳ ಹೆಸರು ಇರುವುದು ಗಮನಾರ್ಹ. ದಾನಗಳಲ್ಲಿ ಯಾವುದು ಶ್ರೇಷ್ಠವೆಂದು ಸಅದ್ ಬಿನ್ ಉಬಾದ(ರ) ಕೇಳಿದಾಗ ಪ್ರವಾದಿವರ್ಯರು(ಸ) ನೀರು ಎಂದು ಉತ್ತರಿಸಿದರೆಂದೂ, ಸಅದ್ ತೀರಿಹೋದ ತಮ್ಮ ತಾಯಿಯ ಹೆಸರಿನಲ್ಲಿ ಬಾವಿ ತೋಡಿಸಿದರೆಂದೂ ಹದೀಸ್‌ನಲ್ಲಿದೆ. ಬಾವಿಯನ್ನು ಸದಕಾ ಜಾರಿಯಾ, ಅಂದರೆ ನಿಲ್ಲದೆ ಹರಿಯುವ ದಾನ ಎಂದು ಬಗೆಯುವ ಸಮಾಜದಲ್ಲಿ ಬಾವಡಿ ಎಂಬುದು ಕೇವಲ ನೀರಿನ ಗುಂಡಿಯಾಗಿರಲಿಲ್ಲ. ತಾಜ್ ಬಾವಡಿಯ ದೊಡ್ಡ ಕಮಾನನ್ನು ದಾಟಿ ಮೆಟ್ಟಿಲಿಳಿದರೆ ಒಂದೊಂದು ಬದಿಯೂ ಇನ್ನೂರು ಅಡಿಗಿಂತ ಹೆಚ್ಚಿರುವ ಚೌಕದ ಕೊಳ ಕಾಣುತ್ತದೆ. ಅದರ ಎರಡು ಬದಿಗಳಲ್ಲಿ ಪ್ರಯಾಣಿಕರು ತಂಗಲು ಕೋಣೆಗಳಿವೆ. ದಾರಿಹೋಕನೂ ಅವನ ಕುಟುಂಬವೂ ಸುಡುವ ಹೊತ್ತನ್ನು ನೀರಿನ ಬದಿಯಲ್ಲಿ ಕಳೆಯಬಹುದಿತ್ತು.

ಅರಸರ ಸ್ವಂತ ವಿನೋದಕ್ಕೆ ಬೇರೆಯೇ ಏರ್ಪಾಡಿತ್ತು. ಬಿಜಾಪುರದ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್ ದೂರದ ಕುಮಟಗಿಯಲ್ಲಿ ಕೆರೆಯ ಬದಿಯಲ್ಲೊಂದು ಬೇಸಿಗೆ ಅರಮನೆಯಿದೆ. ಕೊಳದ ನಡುವಿನ ಮಂಟಪಕ್ಕೆ ಕೊಳವೆಗಳಲ್ಲಿ ನೀರು ಬಂದು, ಚಾವಣಿಯಿಂದ ತುಂತುರಾಗಿ ಸುರಿಯುತ್ತಿತ್ತು. ಗೋಡೆಗಳ ಮೇಲೆ ಪೋಲೋ ಆಟ, ಕುಸ್ತಿ, ಸಂಗೀತಗಾರರ ಚಿತ್ರಗಳನ್ನು ಬರೆಯಲಾಗಿತ್ತು. ಮೇ ತಿಂಗಳಲ್ಲಿ ಮಳೆಗಾಲವನ್ನು ಸೃಷ್ಟಿಸಿಕೊಂಡ ಅವರ ಜಾಣತನಕ್ಕೆ ತಲೆದೂಗಬೇಕು. ಆದರೆ ಆ ನೀರನ್ನು ಎತ್ತರದ ತೊಟ್ಟಿಗೆ ಏರಿಸುವ ಕೆಲಸ ತಾನಾಗಿ ಆಗುತ್ತಿರಲಿಲ್ಲ. ಮಂಟಪದಲ್ಲಿ ಕುಳಿತವರು ತಂಪಾಗಿರಬೇಕಾದರೆ ಎತ್ತುಗಳೂ ಆಳುಗಳೂ ಬಿಸಿಲಲ್ಲಿ ನಿಲ್ಲಬೇಕಿತ್ತು. ಅವರ ಚಿತ್ರವನ್ನು ಯಾರೂ ಗೋಡೆಯ ಮೇಲೆ ಬರೆಯಲಿಲ್ಲ.

ಮಾಳಿಗೆಯ ಮೇಲಿನ ಸಂಸಾರ

ಸಾಮಾನ್ಯರ ಮನೆಗಳಿಗೆ ಕಾರಂಜಿ ಇರಲಿಲ್ಲ. ಅವರಿಗಿದ್ದುದು ದಪ್ಪ ಗೋಡೆ, ಸಣ್ಣ ಕಿಟಕಿ, ಮಣ್ಣಿನ ಮೇಲ್ಛಾವಣಿಯ ಮಾಳಿಗೆ. ಹಗಲು ಒಳಗೆ, ಇರುಳು ಮಾಳಿಗೆಯ ಮೇಲೆ. ಈ ಭಾಗದಲ್ಲಿ ಹಿಂದೂ ಮನೆಯಾಗಲಿ ಮುಸ್ಲಿಮ್ ಮನೆಯಾಗಲಿ ಬೇಸಿಗೆಯ ದಿನಚರಿ ಒಂದೇ ಆಗಿತ್ತು. ಅದರ ಗುಟ್ಟು ಇಷ್ಟೇ: ಬಿಸಿಲನ್ನು ಶಪಿಸುತ್ತ ಕೂರದೆ ಅದರಿಂದ ಕೆಲಸ ಮಾಡಿಸಿಕೊಳ್ಳುವುದು.

ಶಾವಿಗೆ, ಹಪ್ಪಳ, ಸಂಡಿಗೆ, ಕುರಡಗಿ, ವರ್ಷಕ್ಕಾಗುವಷ್ಟು ಖಾರದ ಪುಡಿ, ಮಾವಿನ ಉಪ್ಪಿನಕಾಯಿ ಇವೆಲ್ಲಕ್ಕೂ ಬೇಕಾದುದು ಇದೇ ಸುಡುಬಿಸಿಲು. ಒಬ್ಬ ಹೆಂಗಸಿನಿಂದ ಇದಾವುದೂ ಆಗುವಂತಹುದಲ್ಲ. ಹಿಟ್ಟು ನಾದುವವರು, ಎಳೆ ತೆಗೆಯುವವರು, ಕೋಲಿನ ಮೇಲೆ ಹರವುವವರು ಬೇರೆ ಬೇರೆ. ಕಾಗೆ ಓಡಿಸುವ ಹುದ್ದೆ ಮಕ್ಕಳದು. ಕದ್ದು ತಿನ್ನುವ ಹಸಿ ಸಂಡಿಗೆಯೇ ಅವರ ಸಂಬಳ. ಇಂದು ನಮ್ಮ ಮನೆಯ ಶಾವಿಗೆ, ನಾಳೆ ಪಕ್ಕದ ಮನೆಯದು ಎಂಬ ಮುಯ್ಯಿಯಲ್ಲಿ ಓಣಿಯೇ ಒಂದು ಮನೆಯಾಗುತ್ತಿತ್ತು. ಗೌಡರ ಮನೆಯಲ್ಲಿ ಹೊಸೆದ ಶಾವಿಗೆ ಹಬ್ಬದ ಪಾಯಸವಾದರೆ, ಸಾಹೇಬರ ಮನೆಯಲ್ಲಿ ಹೊಸೆದ ಶಾವಿಗೆ ಈದ್‌ನ ಶೀರ್ ಖುರ್ಮಾ ಆಗುತ್ತಿತ್ತು. ಒಣಗಿಸಿದ ಬಿಸಿಲು ಒಂದೇ. ಮಧ್ಯಾಹ್ನ ಹೊರಗೆ ಕಾಲಿಡಲಾಗದ ಹೊತ್ತಿನಲ್ಲಿ ಹಳೆಯ ಸೀರೆ, ಧೋತರ, ಲುಂಗಿಗಳ ತುಂಡು ಸೇರಿಸಿ ಕೌದಿ ಹೊಲಿಯುವುದು. ಅಜ್ಜಿ ದಾರ ಹಿಡಿದರೆ ಮೊಮ್ಮಗಳು ಸೂಜಿ ಪೋಣಿಸುವುದು. ಚಳಿಗಾಲದ ಹೊದಿಕೆ ಸಿದ್ಧವಾಗುತ್ತಿದ್ದುದು ಬೇಸಿಗೆಯಲ್ಲಿ.

ರಮಝಾನ್ ಕೂಡ ಸರದಿಯಂತೆ ಬೇಸಿಗೆಗೆ ಬರುತ್ತದೆ. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದಾದುದರಿಂದ ಉಪವಾಸದ ತಿಂಗಳು ಹಿಂದೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಅದೇ ಋತುವಿಗೆ ಮರಳುತ್ತದೆ. 1986ರ ಮೇ ತಿಂಗಳಲ್ಲಿ ಮೊದಲ ಉಪವಾಸ ಹಿಡಿದ ಮಗು 2019ರ ಮೇ ತಿಂಗಳಲ್ಲಿ ತನ್ನ ಮಕ್ಕಳಿಗೆ ಮೊದಲ ಉಪವಾಸ ಹಿಡಿಸಿತು. ಕಾಮಕಸ್ತೂರಿ ಬೀಜ ನೆನೆಸಿದ ಶರಬತ್ತು, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿ, ಮಗ್ರಿಬ್ ಅದಾನ್‌ಗಾಗಿ ಮಾಳಿಗೆಯ ಮೇಲೆ ಕಿವಿಗೊಟ್ಟು ಕೂತ ಮಕ್ಕಳು, ಒಂದು ತಲೆಮಾರು ಇನ್ನೊಂದಕ್ಕೆ ಬೇಸಿಗೆಯನ್ನು ಹೀಗೆಯೇ ದಾಟಿಸಿದೆ.

ಬೀಸುಕಲ್ಲಿನ ಹಾಡು

ಈ ದಿನಚರಿಯ ಅತ್ಯಂತ ಕಠಿಣ ಕೆಲಸ ಬೀಸುವುದು. ಬೇಸಿಗೆಯಲ್ಲಿ ಅದನ್ನು ಬೆಳಗಿನ ಜಾವದಲ್ಲೇ ಮುಗಿಸಬೇಕು, ಬಿಸಿಲೇರಿದ ಮೇಲೆ ಆಗದು. ಊರೆಲ್ಲ ಮಲಗಿರುವಾಗ ಇಬ್ಬರು ಹೆಂಗಸರು ಎದುರುಬದುರಾಗಿ ಕೂತು, ಹೆಚ್ಚಾಗಿ ಅತ್ತೆ ಸೊಸೆ ಅಥವಾ ಓರಗಿತ್ತಿಯರು, ಜೋಳ ಬೀಸುತ್ತಿದ್ದರು. ಕಲ್ಲಿನ ಲಯಕ್ಕೆ ಹಾಡು ತಾನಾಗಿ ಹುಟ್ಟುತ್ತಿತ್ತು.

ಬಿಜಾಪುರದ ಸೂಫಿಗಳು ಇದನ್ನು ಗಮನಿಸಿದರು. ಮೀರಾಂಜೀ ಶಮ್ಸುಲ್ ಉಶ್ಶಾಖ್, ಅವರ ಮಗ ಬುರ್ಹಾನುದ್ದೀನ್ ಜಾನಂ, ಮೊಮ್ಮಗ ಅಮೀನುದ್ದೀನ್ ಆಲಾ ಈ ಮೂವರ ಚಿಶ್ತಿ ಪರಂಪರೆ ಫಾರಸಿಯನ್ನು ಬದಿಗಿಟ್ಟು ಮನೆಮಾತಾದ ದಖನಿಯಲ್ಲಿ ಬರೆಯಿತು. ಈ ಬಳಗದಲ್ಲಿ ಚಕ್ಕೀನಾಮಾ, ಚರ್ಖಾನಾಮಾ, ಲೋರಿನಾಮಾ ಎಂಬ ಹಾಡುಗಳು ಹುಟ್ಟಿಕೊಂಡವು. ಬೀಸುವಾಗ, ನೂಲುವಾಗ, ಮಗುವನ್ನು ತೂಗುವಾಗ ಹೇಳುವ ಹಾಡುಗಳಿವು. ಬೀಸುಕಲ್ಲಿನ ಹಿಡಿ ನೆಟ್ಟಗೆ ನಿಂತ ಅಲಿಫ್ ಅಕ್ಷರದಂತಿದೆ, ಅದು ಅಲ್ಲಾಹನ ನೆನಪು ಎನ್ನುವ ಹೋಲಿಕೆ ಅವುಗಳಲ್ಲಿ ಬರುತ್ತದೆ. ಓದುಬರಹ ತಿಳಿಯದ ಹೆಣ್ಣುಮಗಳಿಗೆ ಅವಳ ಕೈಯಲ್ಲಿರುವ ವಸ್ತುವಿನಿಂದಲೇ ತೌಹೀದ್‌ನ ಪಾಠ. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟವಾದ ಬಿಜಾಪುರದ ಸೂಫಿಗಳ ಕುರಿತ ತಮ್ಮ ಗ್ರಂಥದಲ್ಲಿ ಈ ಹಾಡುಗಳಿಗೆ ದೊಡ್ಡ ಸ್ಥಾನ ಕೊಟ್ಟಿದ್ದಾರೆ. ದಖನ್ನಿನಲ್ಲಿ ಇಸ್ಲಾಮ್ ಮನೆಗಳೊಳಗೆ ನೆಲೆಗೊಂಡದ್ದು ಖಡ್ಗದಿಂದಲೂ ಅಲ್ಲ, ಪಂಡಿತರ ಗ್ರಂಥಗಳಿಂದಲೂ ಅಲ್ಲ, ಅಡುಗೆಮನೆಯ ಬಳಿ ಹಾಡುತ್ತ ಕೂತ ಹೆಂಗಸರಿಂದ ಮತ್ತು ಅದನ್ನು ಕೇಳುತ್ತ ಮಡಿಲಲ್ಲಿ ಮಲಗಿದ ಮಕ್ಕಳಿಂದ ಎಂಬ ಕಡೆಗೆ ಅವರ ಅಧ್ಯಯನ ನಮ್ಮ ಗಮನ ಸೆಳೆಯುತ್ತದೆ.

ಅದೇ ಜಿಲ್ಲೆಯಲ್ಲಿ, ಅದೇ ಬೀಸುಕಲ್ಲಿನ ಮುಂದೆ, ಪಕ್ಕದ ಮನೆಯ ಹೆಂಗಸರು ಕನ್ನಡದಲ್ಲಿ ತ್ರಿಪದಿ ಹಾಡುತ್ತಿದ್ದರು. ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲಿ ಹಲಸಂಗಿ ಎಂಬ ಹಳ್ಳಿಯ ಕೆಲವು ಯುವಕರು ಆ ಹಾಡುಗಳನ್ನು ಕೇಳಿ ಬರೆದುಕೊಂಡರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಇವರ ಜೊತೆಯಲ್ಲಿ ಧೂಲಾಸಾಹೇಬರೂ ಇದ್ದರು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾದಾಗ, ಹಳ್ಳಿಯ ಹೆಣ್ಣುಮಕ್ಕಳು ಇಷ್ಟು ದೊಡ್ಡ ಕಾವ್ಯವನ್ನು ಬಾಯಲ್ಲಿಟ್ಟುಕೊಂಡಿದ್ದರೇ ಎಂದು ಕನ್ನಡದ ವಿದ್ವಾಂಸರು ಬೆರಗಾದರು. ಒಂದೇ ಕಲ್ಲು, ಒಂದೇ ಜೋಳ, ಒಂದೇ ನಸುಕು. ಎರಡು ಭಾಷೆಗಳಲ್ಲಿ ಎರಡು ಸಾಹಿತ್ಯ. ಸುಲ್ತಾನರ ಬಾವಡಿಗಳಿಗಿಂತ ದೊಡ್ಡ ಜಲಾಶಯವಿದು ಎಂದರೆ ಉತ್ಪ್ರೇಕ್ಷೆಯಾಗಲಾರದು.

ಹಾಡು ಸಿಹಿ, ಕಲ್ಲು ಭಾರ

ಆದರೆ ಹಳೆಯದನ್ನೆಲ್ಲ ಹೊಗಳುವ ಚಟಕ್ಕೆ ನಾವು ಬೀಳಬಾರದು. ಹಾಡು ಹುಟ್ಟಿದ್ದು ಕೆಲಸ ಸುಖವಾಗಿತ್ತೆಂದಲ್ಲ, ಕಷ್ಟವಾಗಿತ್ತೆಂದು. ಪ್ರವಾದಿಯವರ(ಸ) ಮಗಳು ಹಝ್ರತ್ ಫಾತಿಮಾರ(ರ) ಕೈಗಳು ಬೀಸಿ ಬೀಸಿ ನೊಂದು ಹೋಗಿದ್ದವು. ಅವರು ತಂದೆಯ ಬಳಿ ಒಬ್ಬ ಆಳನ್ನು ಕೇಳಲು ಹೋದುದೂ, ಪ್ರವಾದಿಯವರು ರಾತ್ರಿ ಅವರ ಮನೆಗೇ ಬಂದು ಮಲಗುವ ಮುನ್ನ ಹೇಳಬೇಕಾದ ತಸ್ಬೀಹ್ ಕಲಿಸಿದುದೂ ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ದುಡಿದು ದಣಿದ ಕೈಗೆ ದೇವಸ್ಮರಣೆಯ ಬಲ ಕೊಡುವ ಈ ಪಾಠಕ್ಕೂ ಚಕ್ಕೀನಾಮಾಕ್ಕೂ ಹತ್ತಿರದ ನಂಟಿದೆ. ಆದರೆ ಈ ಘಟನೆಯನ್ನು ಹೇಳುವ ನಮ್ಮ ಪುರುಷರು ಇನ್ನೊಂದು ವರದಿಯನ್ನು ಮರೆಯುತ್ತಾರೆ. ಪ್ರವಾದಿಯವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹಝ್ರತ್ ಆಯಿಶಾ(ರ) ಕೊಟ್ಟ ಉತ್ತರ, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝ್‌ನ ಹೊತ್ತಾದಾಗ ಹೊರಡುತ್ತಿದ್ದರು ಎಂದು. ಬೇಸಿಗೆಯಲ್ಲಿ ಮನೆ ತುಂಬ ಮಕ್ಕಳು, ನೆಂಟರು, ನಗು. ನಿಜ. ಆ ನಗುವಿಗಾಗಿ ಒಲೆಯ ಮುಂದೆ ಬೇಯುವವರು ಯಾರು? ಕುಮಟಗಿಯ ಮಂಟಪಕ್ಕೆ ಕೇಳಿದ ಪ್ರಶ್ನೆಯನ್ನು ನಮ್ಮ ಮನೆಗೂ ಕೇಳಿಕೊಳ್ಳಬೇಕು.

ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು. ಹೆಣ್ಣುಮಕ್ಕಳ ತೋಳಿಗೆ ಬಿಡುಗಡೆ ಸಿಕ್ಕಿತು, ಅದಕ್ಕೆ ಅಲ್ಲಾಹನಿಗೆ ಸ್ತುತಿ. ಬಾವಡಿಗಳೂ ಕಾಲಕ್ರಮೇಣ ಕಸದ ತೊಟ್ಟಿಗಳಾದವು. 2010ರ ನಂತರದ ವರ್ಷಗಳಲ್ಲಿ ತಾಜ್ ಬಾವಡಿಯೂ ಸೇರಿದಂತೆ ಕೆಲವದರ ಹೂಳೆತ್ತುವ ಕೆಲಸ ನಡೆದದ್ದು ಸಮಾಧಾನದ ಸಂಗತಿ. ಕಲ್ಲಿನ ಬಾವಿಯ ಹೂಳನ್ನು ಯಂತ್ರದಿಂದ ಎತ್ತಬಹುದು. ಆದರೆ ಹಾಡಿನ ಬಾವಿಯ ಗತಿ ಏನು? ಹಲಸಂಗಿ ಗೆಳೆಯರು ಕನ್ನಡದ ತ್ರಿಪದಿಗಳಿಗಾಗಿ ಪಟ್ಟ ಶ್ರಮವನ್ನು ನಮ್ಮ ಮನೆಗಳ ದಖನಿ ಹಾಡುಗಳಿಗಾಗಿ ನಾವು ಪಟ್ಟಿದ್ದೇವೆಯೇ? ಆ ಹಾಡುಗಳನ್ನು ಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ.

ರಜೆಯಲ್ಲಿ ಮಕ್ಕಳನ್ನು ಹೇಗೆ ಸಂಭಾಳಿಸುವುದೆಂದು ತಾಯಂದಿರು ಗೋಳಾಡುವುದನ್ನು ಪ್ರತಿ ಬೇಸಿಗೆಯಲ್ಲೂ ಕೇಳುತ್ತೇವೆ. ಮಗ ಒಂದು ಕೋಣೆಯಲ್ಲಿ, ಮಗಳು ಇನ್ನೊಂದರಲ್ಲಿ, ಇಬ್ಬರ ಕೈಯಲ್ಲೂ ಮೊಬೈಲ್. ಅಜ್ಜಿ ಒಬ್ಬಳೇ ಪಡಸಾಲೆಯಲ್ಲಿ. ಉರ್ದು ಲಿಪಿ ಬಾರದಿದ್ದರೆ ಬೇಡ, ಮಕ್ಕಳಿಗೆ ಕನ್ನಡ ಬರೆಯಲು ಬರುತ್ತದೆ. ಒಂದು ನೋಟುಪುಸ್ತಕ ಕೊಟ್ಟು ಅಜ್ಜಿಯ ಬಳಿ ಕೂರಿಸಿ. ಬೀಸುವಾಗ ಏನು ಹಾಡುತ್ತಿದ್ದಿರಿ, ತೊಟ್ಟಿಲು ತೂಗುವಾಗ ಏನು ಹಾಡುತ್ತಿದ್ದಿರಿ ಎಂದು ಕೇಳಲಿ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಲಿ. ಶರಬತ್ತು ಕಲಸುವ ಕೆಲಸವನ್ನು ಅಷ್ಟು ಹೊತ್ತು ಅಪ್ಪ ವಹಿಸಿಕೊಳ್ಳಲಿ. ಬೇಸಿಗೆ ಬೇಗ ಕಳೆದುಹೋಗುತ್ತದೆ. ಬರೆದದ್ದು ಮಾತ್ರ ಉಳಿಯುತ್ತದೆ.